ಬಾಗಿಲು ಹಾಕಿದವರು, ಟೋಪಿ ಹಾಕಿದವರು

(ಬೆಂಗಳೂರಿನ ಎನ್.ಆರ್. ಕಾಲೋನಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಓದುಗರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತುಸು ವಿಸ್ತರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕಸುಬು ಲೆಕ್ಕ ಬರೆಯುವುದು. ಇಪ್ಪತ್ತೆಂಟು ವರ್ಷದಿಂದ ಈ ಊರಿನ ಸಣ್ಣಪುಟ್ಟ ಕಂಪನಿಗಳ ಸಂಬಳ, ಪಿಎಫ್, ಟ್ಯಾಕ್ಸು ಎಲ್ಲ ನೋಡಿಕೊಂಡು ಬಂದಿದ್ದೇನೆ. ಅವುಗಳಲ್ಲಿ ಒಂಬತ್ತು ಕಂಪನಿಗಳು ನನ್ನ ಕಣ್ಣೆದುರಿಗೇ ಬಾಗಿಲು ಹಾಕಿದವು. ಒಂದರಲ್ಲಂತೂ ಕೊನೆಯ ತಿಂಗಳ ಸಂಬಳದ ಪಟ್ಟಿ ಮಾಡಿದವಳೂ ನಾನೇ, ಆಫೀಸಿನ ಬೀಗದ ಕೈಯನ್ನು ಕಟ್ಟಡದ ಮಾಲೀಕರಿಗೆ ಒಪ್ಪಿಸಿದವಳೂ ನಾನೇ. ಹಾಗಾಗಿ, ಸೋತ ಕಂಪನಿಯ ಕತೆ ಹೇಳುವ ಪುಸ್ತಕವನ್ನು ಜನ ಹೇಗೆ ಓದುತ್ತಾರೆ ಅನ್ನುವುದರ ಮೇಲೆ ಮಾತಾಡಿ ಎಂದು ಇಲ್ಲಿನ ಗೆಳೆಯರು ಕೇಳಿದಾಗ ಒಲ್ಲೆ ಅನ್ನಲಾಗಲಿಲ್ಲ.

ಜಯನಗರದಲ್ಲಿ ನಮ್ಮದೊಂದು ಓದುಗರ ಗುಂಪಿದೆ. ತಿಂಗಳ ಮೊದಲ ಭಾನುವಾರ ಒಬ್ಬರ ಮನೆಯ ಮಹಡಿಯಲ್ಲಿ ಸೇರುತ್ತೇವೆ. ಪುಸ್ತಕ ಯಾವ ಭಾಷೆಯದಾದರೂ ಸರಿ, ಮಾತು ಕನ್ನಡದಲ್ಲೇ ಆಗಬೇಕು ಅನ್ನುವುದೊಂದೇ ಕಟ್ಟಳೆ. ಕಳೆದ ವರ್ಷ ನಾಲ್ಕು ತಿಂಗಳು ಎರಡು ಪುಸ್ತಕ ಓದಿದೆವು. ಎರಡೂ ಇಂಗ್ಲಿಷಿನವು, ಎರಡೂ ಮುಚ್ಚಿಹೋದ ಕಂಪನಿಗಳ ಕತೆ. ಒಂದು ನಮ್ಮೂರಿನದೇ. ಕೆ. ವೈತೀಶ್ವರನ್ ಅವರು 2017ರಲ್ಲಿ ಹೊರತಂದ ‘ಫೇಲಿಂಗ್ ಟು ಸಕ್ಸೀಡ್’. 1999ರಲ್ಲಿ ಗೆಳೆಯರ ಜೊತೆ ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಶುರುಮಾಡಿ, ಅದು ಇಂಡಿಯಾಪ್ಲಾಜಾ ಆಗಿ, 2013ರಲ್ಲಿ ನಿಂತುಹೋದ ಕತೆಯನ್ನು ಅದನ್ನು ನಡೆಸಿದವರೇ ಬರೆದಿದ್ದಾರೆ. ಇನ್ನೊಂದು ಅಮೆರಿಕದ್ದು. ಎಲಿಜಬೆತ್ ಹೋಮ್ಸ್ ಕಟ್ಟಿದ ರಕ್ತ ಪರೀಕ್ಷೆಯ ಕಂಪನಿ ಥೆರಾನೋಸ್ ಬಗ್ಗೆ ಪತ್ರಕರ್ತ ಜಾನ್ ಕ್ಯಾರಿರೂ ಬರೆದ ‘ಬ್ಯಾಡ್ ಬ್ಲಡ್’, 2018ರದ್ದು.

ಮೊದಲ ಪುಸ್ತಕದ ಮೊದಲ ಸಭೆ. ಕಾಫಿ ಲೋಟ ಇನ್ನೂ ಕೈಯಲ್ಲಿತ್ತು, ಹಿರಿಯರೊಬ್ಬರು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು: "ಏನಿದೆ ಇದರಲ್ಲಿ, ದುಡ್ಡು ಹಾಕಿದವರಿಗೆ ಟೋಪಿ ಹಾಕಿದ್ದು, ಆಮೇಲೆ ಪುಸ್ತಕ ಬರೆದಿದ್ದು." ಎರಡು ತಿಂಗಳ ನಂತರ ಎರಡನೆಯ ಪುಸ್ತಕ ಬಂತು. ಅದೇ ಮಹಡಿ, ಅದೇ ಕಾಫಿ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಹೇಳಿದಳು: "ಪಾಪ ಆಂಟಿ, ಹತ್ತೊಂಬತ್ತು ವರ್ಷಕ್ಕೆ ಕಂಪನಿ ಕಟ್ಟಿದಾಳೆ, ಏನೋ ದೊಡ್ಡದು ಮಾಡೋಕೆ ಹೋಗಿ ಸೋತಳು. ಅದಕ್ಕೆ ಜೈಲಾ?"

ಆ ಎರಡು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟವು. ಪ್ರಾಮಾಣಿಕವಾಗಿ ವ್ಯಾಪಾರ ಮಾಡಿ ಸೋತವರ ಕತೆಗೆ ‘ಟೋಪಿ’ ಅಂದೆವು. ಕೋರ್ಟಿನಲ್ಲಿ ವಂಚನೆ ಸಾಬೀತಾದವಳ ಕತೆಗೆ ‘ಪಾಪ ಸೋತಳು’ ಅಂದೆವು. ಇಬ್ಬರೂ ಒಳ್ಳೆಯ ಓದುಗರೇ, ಇಬ್ಬರೂ ಪುಸ್ತಕವನ್ನು ಪೂರ್ತಿ ಓದಿಕೊಂಡೇ ಬಂದವರು. ಆದರೂ ಅದಲು ಬದಲಾಗಿತ್ತು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದರ ಬಗ್ಗೆಯೇ. ಕನ್ನಡದಲ್ಲಿ ಬಾಗಿಲು ಹಾಕುವುದಕ್ಕೂ ಟೋಪಿ ಹಾಕುವುದಕ್ಕೂ ‘ಹಾಕುವುದು’ ಅಂತಲೇ ಅನ್ನುತ್ತೇವೆ. ಓದುವಾಗಲೂ ನಾವು ಅವೆರಡನ್ನೂ ಒಂದೇ ಮೊಳೆಗೆ ನೇತುಹಾಕುತ್ತೇವೆ. ಇದು ಸಣ್ಣ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಸೋತವನಿಗೆ ಊರಲ್ಲಿ ತಲೆ ಎತ್ತಲು ಬಿಡದಿರುವುದೂ ಇದೇ, ಮೋಸ ಮಾಡಿದವನಿಗೆ ಸೋಲಿನ ಹಿಂದೆ ಅಡಗಿಕೊಳ್ಳಲು ಜಾಗ ಕೊಡುವುದೂ ಇದೇ.

ಮೊದಲು ನಮ್ಮೂರಿನ ಪುಸ್ತಕದ ಬಗ್ಗೆ ಹೇಳುತ್ತೇನೆ.

ನಮ್ಮ ಗುಂಪಿನಲ್ಲಿ ಐವತ್ತು ದಾಟಿದವರಿಗೆ ಆ ಪುಸ್ತಕ ಹಳೆಯ ಬೆಂಗಳೂರನ್ನು ನೆನಪಿಸಿತು. 1999 ಅಂದರೆ ಮನೆಯ ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ, ಅದು ಕಿರುಚಿ ಕಿರುಚಿ ಕೊನೆಗೊಮ್ಮೆ ಸೇರಿಕೊಂಡಿತೆಂದರೆ ಗೆದ್ದಂತೆ. ನಡುವೆ ಯಾರಾದರೂ ಅಡುಗೆಮನೆಯ ಪಕ್ಕದ ಫೋನ್ ಎತ್ತಿದರೆ ಎಲ್ಲ ಕಡಿದುಹೋಗುತ್ತಿತ್ತು. ಕ್ರೆಡಿಟ್ ಕಾರ್ಡ್ ಇದ್ದವರೇ ಕಡಿಮೆ, ಇದ್ದವರೂ ಅದರ ನಂಬರನ್ನು ಕಂಪ್ಯೂಟರಿಗೆ ಕೊಡಲು ಹೆದರುತ್ತಿದ್ದರು. ಇಲೆಕ್ಟ್ರಾನಿಕ್ ವ್ಯವಹಾರಕ್ಕೆ ಕಾನೂನಿನ ಮಾನ್ಯತೆ ಕೊಟ್ಟ ಐಟಿ ಕಾಯ್ದೆ ಬಂದದ್ದೇ 2000ದಲ್ಲಿ. ಅಂಥ ಕಾಲದಲ್ಲಿ ಈ ಊರಿನ ಕೆಲವರು ಹಾಡಿನ ಸಿಡಿ, ಪುಸ್ತಕ, ದಿನಸಿಯನ್ನು ಇಂಟರ್‌ನೆಟ್ಟಿನಲ್ಲಿ ಮಾರಲು ಹೊರಟಿದ್ದರು. ಎಂಟು ವರ್ಷ ಕಳೆದು, 2007ರಲ್ಲಿ, ಇದೇ ಊರಿನ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಹುಟ್ಟಿತು. ಮನೆಗೆ ಸಾಮಾನು ಬಂದ ಮೇಲೆ ಕೈಗೆ ದುಡ್ಡು ಕೊಡುವ ಪದ್ಧತಿಯನ್ನು ಅವರು 2010ರಲ್ಲಿ ತಂದರು. 2018ರಲ್ಲಿ ವಾಲ್‌ಮಾರ್ಟ್ 16 ಶತಕೋಟಿ ಡಾಲರ್ ಕೊಟ್ಟು ಅದರ ಶೇಕಡಾ 77ರಷ್ಟು ಪಾಲನ್ನು ಕೊಂಡಿತು. ಊರು ಒಂದೇ, ವ್ಯಾಪಾರವೂ ಒಂದೇ. ನಡುವಿನ ಎಂಟು ವರ್ಷವೇ ಬೇರೆ.

ಇದನ್ನು ಓದಿ ನಮ್ಮವರು ಹೇಳಿದ್ದು ತರಹೇವಾರಿ. ‘ಕಾಲಕ್ಕಿಂತ ಮುಂಚೆ ಬಂದರು’ ಅಂದವರೇ ಹೆಚ್ಚು. ಅದು ನಿಜವೇ, ಆದರೆ ಅಷ್ಟು ಹೇಳಿ ಪುಸ್ತಕ ಮುಚ್ಚಿದರೆ ಏನೂ ಓದಿದಂತಾಗುವುದಿಲ್ಲ. ಅದೇ ಫ್ಯಾಬ್‌ಮಾರ್ಟ್ ಗೆಳೆಯರಲ್ಲಿ ಕೆಲವರು 2011ರಲ್ಲಿ ಬಿಗ್‌ಬಾಸ್ಕೆಟ್ ಶುರುಮಾಡಿದವರಲ್ಲಿದ್ದಾರೆ. ಒಂದೇ ಬಸ್ಸಿನಲ್ಲಿ ಹೊರಟವರು ಬೇರೆ ಬೇರೆ ನಿಲ್ದಾಣದಲ್ಲಿ ಇಳಿದಿದ್ದಾರೆ. ಹಾಗಿದ್ದಮೇಲೆ ಕಾಲವೊಂದನ್ನೇ ದೂರುವುದು ಹೇಗೆ?

ಇನ್ನು ಕೆಲವರಿಗೆ, ಸೋತವನೇ ತನ್ನ ಕತೆ ಬರೆದುಕೊಳ್ಳುವುದೇ ಸರಿಕಾಣಲಿಲ್ಲ. "ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾನಲ್ಲ, ಹಾಗಾಯ್ತು" ಅಂದರು ಒಬ್ಬರು. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ, ಅಲ್ಲೇ ಹೇಳಿದೆ ಕೂಡ. ಗೆದ್ದವನು ಬರೆದ ಪುಸ್ತಕಕ್ಕೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವುದು ನಮಗೆಲ್ಲ ರೂಢಿ. ಸೋತು ಮನೆಗೆ ಬಂದು, ಬಾಕಿ ಕೇಳುವವರನ್ನು ಎದುರಿಸಿ, ಆಮೇಲೆ ಕೂತು ‘ನಾನು ಇಲ್ಲಿ ತಪ್ಪಿದೆ’ ಎಂದು ಬರೆಯಲು ಬೇರೆಯದೇ ಎದೆಗಾರಿಕೆ ಬೇಕು. ನಾನು ಕಂಡ ಒಂಬತ್ತು ಕಂಪನಿಗಳಲ್ಲಿ ಒಬ್ಬರೂ ಹಾಗೆ ಬರೆಯಲಿಲ್ಲ. ಇಬ್ಬರು ಊರೇ ಬಿಟ್ಟರು. ಒಬ್ಬರು ಈಗಲೂ ಮದುವೆ ಮುಂಜಿಗೆ ಬರುವುದಿಲ್ಲ, ಯಾರಾದರೂ ‘ಈಗ ಏನು ಮಾಡ್ತಿದೀಯಪ್ಪಾ’ ಅಂತ ಕೇಳಿಬಿಡುತ್ತಾರೆ ಅನ್ನುವ ಭಯಕ್ಕೆ.

ಆದರೆ ಆ ಸಭೆಯಲ್ಲಿ ನನ್ನನ್ನು ನಿಜವಾಗಿ ಕಟ್ಟಿಹಾಕಿದ್ದು ಪೀಣ್ಯದಿಂದ ಬರುವ ಒಬ್ಬರ ಅಭಿಪ್ರಾಯ. ಅವರದು ರಟ್ಟಿನ ಬಾಕ್ಸ್ ಮಾಡುವ ಸಣ್ಣ ಕಾರ್ಖಾನೆ. ಕ್ರಾಫ್ಟ್ ಪೇಪರಿನ ರೋಲು ತಂದು, ಮೂರು ಪ್ಲೈ, ಐದು ಪ್ಲೈ, ಅಂದರೆ ಮೂರು ಪದರ, ಐದು ಪದರದ ಬಾಕ್ಸ್ ಮಾಡಿ, ಮೇಲೆ ಕಂಪನಿಯ ಹೆಸರು ಅಚ್ಚುಹಾಕಿ ಕೊಡುತ್ತಾರೆ. ಆನ್‌ಲೈನ್ ಕಂಪನಿಗಳು ಈ ಊರಲ್ಲಿ ಹೆಚ್ಚಿದಾಗ ಇವರ ಶೆಡ್ಡೂ ದೊಡ್ಡದಾಯಿತು. ಪುಸ್ತಕ ಓದಿ ಏನನ್ನಿಸಿತು ಎಂದು ಕೇಳಿದರೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಮೇಡಂ, ಇಂಥ ಎಷ್ಟೋ ಪುಸ್ತಕ ನನ್ನ ಮಗ ತರ್ತಾನೆ. ಎಲ್ಲಾದರಲ್ಲೂ ಕಂಪನಿ ಕಟ್ಟಿದವರ ಕಷ್ಟ ಇರುತ್ತೆ, ದುಡ್ಡು ಹಾಕಿದವರ ಮಾತು ಇರುತ್ತೆ. ಬಾಕ್ಸ್ ಕೊಟ್ಟವನ ಮಾತು ಒಂದರಲ್ಲೂ ನಾನು ನೋಡ್ಲಿಲ್ಲ."

ಅವರ ಲೆಕ್ಕ ಹೀಗಿದೆ. ಬಾಕ್ಸ್ ಕೊಟ್ಟ ದಿನ ದುಡ್ಡು ಬರುವುದಿಲ್ಲ, ಅರವತ್ತು ದಿನದ ಉದ್ರಿ. ಆದರೆ ಪೇಪರಿನವನಿಗೆ ಹದಿನೈದು ದಿನದಲ್ಲಿ ಕೊಡಬೇಕು. ನಡುವಿನ ನಲವತ್ತೈದು ದಿನವನ್ನು ಇವರೇ ಬ್ಯಾಂಕಿನ ಬಡ್ಡಿ ಕಟ್ಟಿಕೊಂಡು ತಾಳಬೇಕು. ಸಣ್ಣ ಕೈಗಾರಿಕೆಗಳಿಗೆ 45 ದಿನದೊಳಗೆ ದುಡ್ಡು ಕೊಡಬೇಕೆಂದು 2006ರ ಕಾಯ್ದೆಯೇ ಹೇಳುತ್ತದೆ. ಆದರೆ ದೊಡ್ಡ ಗಿರಾಕಿಯ ಮುಂದೆ ಕಾಯ್ದೆ ಓದಿದರೆ ಮುಂದಿನ ಆರ್ಡರ್ ಪಕ್ಕದ ಶೆಡ್ಡಿಗೆ ಹೋಗುತ್ತದೆ. ಅಂದಮೇಲೆ ನಿಜವಾಗಿ ನೋಡಿದರೆ ಆ ಕಂಪನಿಗೆ ಬಂಡವಾಳ ಹಾಕಿದವರಲ್ಲಿ ಇವರೂ ಒಬ್ಬರು. ಷೇರು ಇಲ್ಲ, ಬಡ್ಡಿ ಇಲ್ಲ, ಹೂಡಿಕೆದಾರರೆಂಬ ಹೆಸರೂ ಇಲ್ಲ.

ಅವರಿಗೆ ಒಂದೇ ವರ್ಷದಲ್ಲಿ ಎರಡು ಕಂಪನಿಗಳಿಂದ ಏಟು ಬಿತ್ತು. ಎರಡರ ಚೆಕ್ಕೂ ವಾಪಸು ಬಂದವು. ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಇದೆಯಲ್ಲ. ಮೂವತ್ತು ದಿನದೊಳಗೆ ನೋಟಿಸ್ ಕೊಡಬೇಕು, ಹದಿನೈದು ದಿನ ಕಾಯಬೇಕು, ಆಮೇಲೆ ಕ್ರಿಮಿನಲ್ ಕೇಸು, ಎರಡು ವರ್ಷದವರೆಗೆ ಜೈಲು. ಆ ಸೆಕ್ಷನ್ನಿಗೆ ಚೆಕ್ ಕೊಟ್ಟವನ ಮನಸ್ಸಿನಲ್ಲೇನಿತ್ತು ಅನ್ನುವುದು ಬಹುಮಟ್ಟಿಗೆ ಬೇಡ, ದುಡ್ಡು ಇರಲಿಲ್ಲ ಅನ್ನುವುದೇ ಸಾಕು. ಸೋತವನನ್ನೂ ಮೋಸಗಾರನನ್ನೂ ಅದು ಒಂದೇ ಕಟಕಟೆಯಲ್ಲಿ ನಿಲ್ಲಿಸುತ್ತದೆ.

ಇವರು ಒಂದು ಕಂಪನಿಯ ಮೇಲೆ ಕೇಸು ಹಾಕಿದರು, ಇನ್ನೊಂದರ ಮೇಲೆ ಹಾಕಲಿಲ್ಲ. ಯಾಕೆ ಸಾರ್ ಅಂದೆ. "ಒಬ್ಬ ಹುಡುಗ ಚೆಕ್ ಬೌನ್ಸ್ ಆಗೋಕೆ ಮುಂಚೇನೇ ಸ್ಕೂಟರಲ್ಲಿ ಶೆಡ್ಡಿಗೆ ಬಂದ. ಪೇಪರ್ ರೋಲಿನ ಮೇಲೆ ಕೂತ್ಕೊಂಡ. ಸಾರ್, ಚೆಕ್ ಹಾಕ್ಬೇಡಿ, ಪಾಸಾಗಲ್ಲ, ಕಂಪನಿ ನಿಲ್ಲಿಸ್ತಿದೀನಿ, ನಿಮ್ಮ ದುಡ್ಡು ಎರಡು ವರ್ಷದಲ್ಲಿ ಕೊಡ್ತೀನಿ ಅಂದ. ನನ್ನ ಹೆಂಡತಿ ಅವನಿಗೆ ಮಜ್ಜಿಗೆ ಕೊಟ್ಟಳು. ಕಣ್ಣಲ್ಲಿ ನೀರು ಹಾಕ್ಕೊಂಡು ಕುಡಿದ. ನಾನು ಬ್ಯಾಂಕಿಗೆ ಹಾಕಿದ್ದೆ ಆಗಲೇ, ಬೌನ್ಸ್ ಆಯ್ತು. ಕೇಸ್ ಹಾಕ್ಲಿಲ್ಲ. ಇನ್ನೊಬ್ಬರು ಇದಾರಲ್ಲ, ಮುಚ್ಚೋ ಹಿಂದಿನ ವಾರ ಡಬಲ್ ಆರ್ಡರ್ ಕೊಟ್ಟರು. ಆಮೇಲೆ ಫೋನೇ ಎತ್ತಲಿಲ್ಲ." ಸ್ವಲ್ಪ ತಡೆದು ಹೇಳಿದರು: "ಬಂದು ಹೇಳಿದವನು ಬಾಗಿಲು ಹಾಕಿದವನು ಮೇಡಂ. ಫೋನ್ ಎತ್ತದವನು ಟೋಪಿ ಹಾಕಿದವನು."

ಇವತ್ತಿನ ನನ್ನ ಮಾತಿನ ತಲೆಬರಹ ಅವರದೇ. ಅವರನ್ನು ಕೇಳಿಯೇ ಇಟ್ಟುಕೊಂಡಿದ್ದೇನೆ.

ಅವರ ಅಳತೆಗೋಲು ನನಗೆ ತುಂಬ ಹಿಡಿಸಿತ್ತು. ಎರಡನೆಯ ಪುಸ್ತಕಕ್ಕೆ ಬಂದಾಗ ಅದು ಸಾಲದು ಅನ್ನಿಸಿತು. ಎಲಿಜಬೆತ್ ಹೋಮ್ಸ್ ಫೋನ್ ಎತ್ತದೆ ಓಡಿಹೋದವಳಲ್ಲ. ಎದುರಿಗೆ ಬಂದು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದವಳು. 2003ರಲ್ಲಿ ಕಂಪನಿ ಕಟ್ಟಿದಳು, ಅದಕ್ಕಾಗಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಓದು ಬಿಟ್ಟಳು. ಬೆರಳ ತುದಿಯಿಂದ ತೆಗೆದ ಕೆಲವೇ ಹನಿ ರಕ್ತದಲ್ಲಿ ನೂರಾರು ಪರೀಕ್ಷೆ ಮಾಡುತ್ತೇವೆ ಅಂದಳು. 2014ರ ಹೊತ್ತಿಗೆ ಕಂಪನಿಯ ಬೆಲೆ ಸುಮಾರು 9 ಶತಕೋಟಿ ಡಾಲರ್ ಎಂದು ಕಟ್ಟಿದ್ದರು. ಆಡಳಿತ ಮಂಡಳಿಯಲ್ಲಿ ವಿದೇಶಾಂಗ ಸಚಿವರಾಗಿದ್ದ ಜಾರ್ಜ್ ಶುಲ್ಟ್ಸ್, ಹೆನ್ರಿ ಕಿಸಿಂಜರ್, ಸೇನೆಯ ಜನರಲ್ ಜೇಮ್ಸ್ ಮ್ಯಾಟಿಸ್ ಇದ್ದರು. 2015ರ ಅಕ್ಟೋಬರಿನಲ್ಲಿ ‘ವಾಲ್ ಸ್ಟ್ರೀಟ್ ಜರ್ನಲ್’ನಲ್ಲಿ ಕ್ಯಾರಿರೂ ಅವರ ಮೊದಲ ವರದಿ ಬಂತು. 2018ರಲ್ಲಿ ಕಂಪನಿ ವಿಸರ್ಜನೆಯಾಯಿತು. ಆ ಪತ್ರಿಕೆಯ ಒಡೆಯ ರೂಪರ್ಟ್ ಮರ್ಡೋಕ್ ಸ್ವತಃ ಥೆರಾನೋಸ್‌ನಲ್ಲಿ 12 ಕೋಟಿ ಡಾಲರಿಗೂ ಹೆಚ್ಚು ಹಣ ಹಾಕಿದ್ದರು. ವರದಿ ತಡೆಯಿರಿ ಎಂದು ಹೋಮ್ಸ್ ಕೇಳಿದರೂ ಅವರು ಕೈ ಹಾಕಲಿಲ್ಲ. ಪುಸ್ತಕದ ಈ ಭಾಗವನ್ನು ನಮ್ಮಲ್ಲಿ ಎರಡೆರಡು ಸಲ ಓದಿದವರಿದ್ದಾರೆ.

ಮೈಸೂರು ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದ ಒಬ್ಬರು ನಮ್ಮ ಜೊತೆ ಇದ್ದಾರೆ. ಅವರು ಪುಸ್ತಕ ಓದಿದ್ದೇ ಸಾಲದ ಕಡತ ಓದಿದ ಹಾಗೆ, ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆಯುತ್ತಾ. ಅವರ ಅಭಿಪ್ರಾಯ ನನಗೆ ಈಗಲೂ ಪೂರ್ತಿ ನೆನಪಿದೆ. "ನಾನು ಚನ್ನರಾಯಪಟ್ಟಣದ ಕಡೆ ಇದ್ದಾಗ ಬಾವಿಗೆ ಸಾಲ ಕೇಳಿಕೊಂಡು ರೈತರು ಬರೋರು. ನಾವು ಹೊಲಕ್ಕೆ ಹೋಗಿ, ಬಾವಿಗೆ ಬಗ್ಗಿ ನೋಡಿ, ಕಲ್ಲು ಹಾಕಿ ಸದ್ದು ಕೇಳಿಸ್ಕೊಂಡು ಬಂದು ಸಹಿ ಹಾಕ್ತಿದ್ವಿ. ಇಲ್ಲಿ ಇಷ್ಟು ಕೋಟಿ ಹಾಕಿದವರಲ್ಲಿ ಬಾವಿಗೆ ಬಗ್ಗಿ ನೋಡಿದವರು ಎಷ್ಟು ಜನ? ಜಾಮೀನಿಗೆ ನಿಂತವರ ಮುಖ ನೋಡಿ ಕೊಟ್ಟಿದಾರೆ." ದೊಡ್ಡ ದೊಡ್ಡ ವಿಶ್ಲೇಷಣೆಗಳಿಗಿಂತ ಈ ಬಾವಿಯ ಮಾತೇ ಆ ಕಂಪನಿಯ ಹೂಡಿಕೆಯನ್ನು ನನಗೆ ಚೆನ್ನಾಗಿ ಬಿಡಿಸಿ ತೋರಿಸಿತು.

ಆದರೆ ಪುಸ್ತಕದ ಹೊಟ್ಟೆಗೆ ಕೈ ಹಾಕಿದವರು ಬೇರೆ. ಮಲ್ಲೇಶ್ವರದ ಒಂದು ಲ್ಯಾಬಿನಲ್ಲಿ ಹದಿನೇಳು ವರ್ಷದಿಂದ ಟೆಕ್ನಿಷಿಯನ್ ಆಗಿರುವ ಒಬ್ಬ ಹೆಣ್ಣುಮಗಳು. ಸಭೆಗೆ ಬರುವಾಗ ಅವಳು ತನ್ನ ಬ್ಯಾಗಿನಲ್ಲಿ ಎರಡು ಖಾಲಿ ಟ್ಯೂಬು ತಂದಿದ್ದಳು, ಒಂದು ನೇರಳೆ ಮುಚ್ಚಳದ್ದು, ಒಂದು ಹಳದಿ ಮುಚ್ಚಳದ್ದು. ಜೊತೆಗೆ ಬೆರಳು ಚುಚ್ಚುವ ಒಂದು ಲ್ಯಾನ್ಸೆಟ್. ಮೂರನ್ನೂ ಚಾಪೆಯ ಮೇಲಿಟ್ಟಳು.

ಅವಳು ಹೇಳಿದ್ದು ಇಷ್ಟು. ಮೊಣಕೈಯ ಒಳಮಡಿಕೆಯಲ್ಲಿ ರಕ್ತನಾಳಕ್ಕೆ ಸೂಜಿ ಹಾಕಿದರೆ ರಕ್ತ ತಾನಾಗಿಯೇ ಟ್ಯೂಬಿಗೆ ಹರಿದುಬರುತ್ತದೆ. ಬೆರಳ ತುದಿ ಹಾಗಲ್ಲ. ಚುಚ್ಚಿದ ಮೇಲೆ ಹಿಂಡಬೇಕು. ಹಿಂಡಿದರೆ ರಕ್ತದ ಜೊತೆ ಅಂಗಾಂಶದ ನೀರೂ ಬರುತ್ತದೆ, ಕೆಂಪು ಕಣಗಳೂ ಒಡೆಯುತ್ತವೆ. ಕಣದ ಒಳಗೆ ಪೊಟ್ಯಾಸಿಯಂ ಹೆಚ್ಚಿರುತ್ತದೆ. ಕಣ ಒಡೆದರೆ ಅದು ಹೊರಗೆ ಚೆಲ್ಲುತ್ತದೆ. ಆಗ 4.2 ಬರಬೇಕಾದ ಕಡೆ 6 ಬರಬಹುದು. "ಆರು ಅಂದರೆ ಏನು ಗೊತ್ತಾ ಅಕ್ಕ? ಡಾಕ್ಟರು ಆ ಮನುಷ್ಯನ ಹೃದಯ ಯಾವಾಗ ಹದ ತಪ್ಪುತ್ತೋ ಅಂತ ಹೆದರ್ತಾರೆ. ರಾತ್ರೋರಾತ್ರಿ ಅಡ್ಮಿಟ್ ಮಾಡ್ತಾರೆ. ಅದಕ್ಕೇ ಕಣ ಬೇರೆ ಮಾಡಿದ ಮೇಲೆ ಉಳಿಯೋ ತಿಳಿ, ಸೀರಂ, ಕೆಂಪಗೆ ಕಂಡರೆ ನಾವು ರಿಪೋರ್ಟ್ ಕೊಡಲ್ಲ. ಸ್ಯಾಂಪಲ್ ಹೀಮೊಲೈಜ್ ಆಗಿದೆ, ಇನ್ನೊಂದು ಸಲ ಬನ್ನಿ ಅಂತೀವಿ. ಬೈಸ್ಕೋತೀವಿ. ಬೈಸ್ಕೊಂಡರೂ ಕೊಡಲ್ಲ."

ಆಮೇಲೆ ಕ್ಯೂಸಿ, ಅಂದರೆ ಗುಣಮಟ್ಟದ ತಪಾಸಣೆಯ ಬಗ್ಗೆ ಹೇಳಿದಳು. ದಿನಾ ಬೆಳಿಗ್ಗೆ ರೋಗಿಗಳ ಸ್ಯಾಂಪಲ್ ಮುಟ್ಟುವ ಮೊದಲು ಉತ್ತರ ಮೊದಲೇ ಗೊತ್ತಿರುವ ಕಂಟ್ರೋಲ್ ಒಂದನ್ನು ಯಂತ್ರದಲ್ಲಿ ಓಡಿಸಬೇಕು. ಬಂದ ಅಂಕಿಯನ್ನು ಚಾರ್ಟಿನ ಮೇಲೆ ಚುಕ್ಕೆ ಇಡಬೇಕು. ನಡುಗೆರೆಯ ಆಚೀಚೆ ಹಾಕಿದ ಮಿತಿಯೊಳಗೆ ಚುಕ್ಕೆ ಬಿದ್ದರೆ ಯಂತ್ರ ಸರಿ. ಹೊರಗೆ ಬಿದ್ದರೆ ಕಾರಣ ಸಿಗುವವರೆಗೂ ಯಾರ ರಿಪೋರ್ಟೂ ಹೊರಗೆ ಹೋಗಬಾರದು. ಥೆರಾನೋಸ್‌ನ ಸ್ವಂತ ಯಂತ್ರಕ್ಕೆ ಎಡಿಸನ್ ಎಂದು ಹೆಸರಿಟ್ಟಿದ್ದರು. ಅದು ಮಾಡುತ್ತಿದ್ದುದು ಬೆರಳೆಣಿಕೆಯ ಪರೀಕ್ಷೆಗಳನ್ನು ಮಾತ್ರ. ಉಳಿದವುಗಳಲ್ಲಿ ಹಲವಕ್ಕೆ ಸೀಮೆನ್ಸ್ ಕಂಪನಿಯ ಯಂತ್ರಗಳನ್ನು ತಂದು, ಹನಿ ರಕ್ತ ಸಾಲದೆಂದು ಅದನ್ನು ತೆಳುಮಾಡಿ ಓಡಿಸುತ್ತಿದ್ದರು. ಎಡಿಸನ್‌ನಲ್ಲಿ ಕ್ಯೂಸಿ ಪದೇ ಪದೇ ಕೆಡುತ್ತಿತ್ತು. ಆಗ ಏನು ಮಾಡುತ್ತಿದ್ದರು? ಹೊಂದದ ಅಂಕಿಗಳನ್ನು ಬದಿಗೆ ಸರಿಸಿ ಪರೀಕ್ಷೆ ಮುಂದುವರಿಸುತ್ತಿದ್ದರು.

ಇಲ್ಲಿಗೆ ಬಂದಾಗ ಅವಳ ದನಿ ನಡುಗಿತು. "ಆ ಚುಕ್ಕೆ ಅಳಿಸಿದ್ರಲ್ಲ ಅಕ್ಕ, ಅಲ್ಲಿಗೆ ಆ ಕಂಪನಿ ನನ್ನ ಪಾಲಿಗೆ ಮುಗೀತು. ಯಂತ್ರ ಕೆಲಸ ಮಾಡಲಿಲ್ಲ ಅನ್ನೋದು ತಪ್ಪಲ್ಲ. ನಮ್ಮ ಯಂತ್ರಾನೂ ಕೆಡುತ್ತೆ."

ಸ್ಟಾರ್ಟಪ್ ನಡೆಸುವ ಎಚ್.ಎಸ್.ಆರ್. ಲೇಔಟಿನ ಹುಡುಗನೊಬ್ಬ ಅಲ್ಲೇ ಇದ್ದ. ಬಟ್ಟೆ ಒಗೆದು ಇಸ್ತ್ರಿ ಮಾಡಿ ಮನೆಗೆ ತಲುಪಿಸುವ ಆ್ಯಪ್ ಅವನದು. ಅವನು ತುಂಬ ಪ್ರಾಮಾಣಿಕವಾಗಿ ಒಂದು ಮಾತು ಹೇಳಿದ: "ಡೆಮೋ ಕೊಡುವಾಗ ನಾವೆಲ್ಲ ಸ್ವಲ್ಪ ಮುಂದಕ್ಕೇ ಹೇಳ್ತೀವಿ. ಆಗಿದೆ ಅಂತೀವಿ, ಆಮೇಲೆ ರಾತ್ರಿಯೆಲ್ಲ ಕೂತು ಆಗಿಸ್ತೀವಿ. ಹಾಗೆ ಮಾಡದಿದ್ದರೆ ಫಂಡಿಂಗ್ ಬರಲ್ಲ. ಹೋಮ್ಸ್ ಮಾಡಿದ್ದೂ ಅದೇ, ಅವಳದು ಆಗಲಿಲ್ಲ ಅಷ್ಟೇ." ಟೆಕ್ನಿಷಿಯನ್ ಅವನ ಕಡೆ ತಿರುಗಿದಳು. "ನಿಮ್ಮದು ಕೆಟ್ಟರೆ ನನ್ನ ಚೂಡಿದಾರ ನಾಳೆ ಬರುತ್ತೆ ಕಣಪ್ಪಾ. ಇದು ಕೆಟ್ಟರೆ?" ಅವನು ಉತ್ತರ ಕೊಡಲಿಲ್ಲ. ಮುಂದಿನ ತಿಂಗಳು ಬಂದಾಗ, ಹೂಡಿಕೆದಾರರಿಗೆ ತೋರಿಸುವ ತನ್ನ ಸ್ಲೈಡಿನಲ್ಲಿ ಗಿರಾಕಿಗಳ ಸಂಖ್ಯೆಯನ್ನು ಸರಿಮಾಡಿಕೊಂಡೆ ಎಂದು ನನಗೊಬ್ಬಳಿಗೇ ಮೆಲ್ಲಗೆ ಹೇಳಿದ. ಎಷ್ಟರಿಂದ ಎಷ್ಟಕ್ಕೆ ಅಂತ ನಾನು ಕೇಳಲಿಲ್ಲ.

ಕೋರ್ಟಿನ ತೀರ್ಪು ಓದಿ ಟೆಕ್ನಿಷಿಯನ್‌ಗೆ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ತೀರ್ಪು ಬಂದದ್ದು ಪುಸ್ತಕ ಹೊರಬಂದ ಮೇಲೆ. 2022ರ ಜನವರಿಯಲ್ಲಿ ಜ್ಯೂರಿ ಹೋಮ್ಸ್‌ಳನ್ನು ನಾಲ್ಕು ಆರೋಪಗಳಲ್ಲಿ ತಪ್ಪಿತಸ್ಥಳೆಂದಿತು. ನಾಲ್ಕೂ ಹೂಡಿಕೆದಾರರಿಗೆ ಮಾಡಿದ ವಂಚನೆಯವು. ರೋಗಿಗಳಿಗೆ ಸಂಬಂಧಿಸಿದ ಆರೋಪಗಳಲ್ಲಿ ಅವಳು ಬಿಡುಗಡೆಯಾದಳು. ಶಿಕ್ಷೆ 11 ವರ್ಷ 3 ತಿಂಗಳು. ಅವಳ ಜೊತೆಗಾರ ಬಲ್ವಾನಿಯ ವಿಚಾರಣೆ ಬೇರೆ ನಡೆಯಿತು, ಅವನ ಮೇಲೆ ಹನ್ನೆರಡೂ ಆರೋಪ ನಿಂತವು, ರೋಗಿಗಳದೂ ಸೇರಿ. "ದುಡ್ಡು ಕೊಟ್ಟವರಿಗಾದರೆ ಮೋಸ, ರಕ್ತ ಕೊಟ್ಟವರಿಗಾದರೆ ಅಲ್ವಾ?" ಅಂದಳು ಟೆಕ್ನಿಷಿಯನ್. 2016ರಲ್ಲಿ ಆ ಕಂಪನಿ ಎಡಿಸನ್ ಯಂತ್ರದಲ್ಲಿ ಎರಡು ವರ್ಷ ಮಾಡಿದ ಪರೀಕ್ಷೆಗಳ ಫಲಿತಾಂಶವನ್ನೆಲ್ಲ ರದ್ದು ಮಾಡಿತ್ತು. ಆ ಕಾಗದ ಹಿಡಿದುಕೊಂಡು ಮಾತ್ರೆ ಬದಲಿಸಿಕೊಂಡವರು ಎಷ್ಟು ಮಂದಿಯೋ. ಕಾನೂನಿನ ಲೆಕ್ಕ ಬೇರೆ ಇರಬಹುದು, ನನಗೆ ಅವಳ ಪ್ರಶ್ನೆಯೇ ಸರಿ ಅನ್ನಿಸುತ್ತದೆ.

ಈಗ ನನ್ನದೇ ಒಂದು ಸಂಗತಿ ಹೇಳಬೇಕು. ಇದನ್ನು ಗುಂಪಿನಲ್ಲಿ ನಾನು ಹೇಳಿರಲಿಲ್ಲ.

ಬೀಗದ ಕೈ ಒಪ್ಪಿಸಿದ ಕಂಪನಿ ಅಂದೆನಲ್ಲ, ಅದರ ಕೊನೆಯ ವರ್ಷ. ಮೂವತ್ತನಾಲ್ಕು ಜನ ನೌಕರರು. ಸಂಬಳದಲ್ಲಿ ತಲಾ 1,800 ರೂಪಾಯಿ ಪಿಎಫ್ ಹಿಡಿದುಕೊಳ್ಳುತ್ತಿದ್ದೆವು. ಕಂಪನಿಯ ಪಾಲು ಸೇರಿಸಿ ಮರುತಿಂಗಳು 15ರೊಳಗೆ ಕಟ್ಟಬೇಕು. ಒಂದು ತಿಂಗಳು ಖಾತೆಯಲ್ಲಿ ದುಡ್ಡು ಸಾಲಲಿಲ್ಲ. ಯಜಮಾನರು, ಹುಡುಗನೇ, ಮೂವತ್ತೊಂದು ವರ್ಷ, "ಈ ತಿಂಗಳು ಸರ್ವರ್ ಬಿಲ್ ಕಟ್ಟೋಣ ಮೇಡಂ, ಇಲ್ಲಾಂದ್ರೆ ಎಲ್ಲ ನಿಂತುಹೋಗುತ್ತೆ. ಮುಂದಿನ ರೌಂಡ್ ಫಂಡಿಂಗ್ ಬಂದಮೇಲೆ ಪಿಎಫ್ ಬಡ್ಡಿ ಸಮೇತ ಕಟ್ಟಿಬಿಡೋಣ" ಅಂದರು. ಕಟ್ಟಲಿಲ್ಲ. ಮುಂದಿನ ತಿಂಗಳೂ ಕಟ್ಟಲಿಲ್ಲ. ಆದರೆ ಸಂಬಳದ ಚೀಟಿಯಲ್ಲಿ ‘ಪಿಎಫ್ ಕಡಿತ 1,800’ ಎಂದು ನಾನೇ ಅಚ್ಚುಹಾಕಿ ಕೊಟ್ಟೆ, ಎರಡು ತಿಂಗಳೂ.

ಕಾನೂನು ಇಲ್ಲಿ ತುಂಬ ಸ್ಪಷ್ಟ. ಸಂಬಳ ಕೊಡಲಾಗದಿದ್ದರೆ ಅದು ಬಾಕಿ. ನೌಕರನ ಸಂಬಳದಿಂದ ಪಿಎಫ್ ಹಿಡಿದುಕೊಂಡು ಕಟ್ಟದಿದ್ದರೆ ಅದಕ್ಕೆ ಹಳೆಯ ದಂಡ ಸಂಹಿತೆಯ 405ನೇ ಸೆಕ್ಷನ್ನಿನಲ್ಲೇ ಹೆಸರು ಕೊಟ್ಟಿದ್ದರು: ನಂಬಿಕೆ ದ್ರೋಹ. 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದು 316ನೇ ಸೆಕ್ಷನ್. ಹಿಡಿದುಕೊಂಡ ಕ್ಷಣದಿಂದ ಆ 1,800 ಕಂಪನಿಯದಲ್ಲ, ಇನ್ನೊಬ್ಬರು ನಂಬಿ ಕೈಗೆ ಕೊಟ್ಟದ್ದು.

ಒಂದು ಮಧ್ಯಾಹ್ನ ಗ್ರಾಹಕ ಸೇವೆಯ ಹುಡುಗಿ ನನ್ನ ಮೇಜಿನ ಹತ್ತಿರ ಬಂದಳು. ಮಂಡ್ಯದ ಕಡೆಯವಳು, ಮೊದಲ ಕೆಲಸ. ಮೊಬೈಲಿನಲ್ಲಿ ಪಿಎಫ್ ಪಾಸ್‌ಬುಕ್ ತೆಗೆದು ತೋರಿಸಿದಳು. "ಅಕ್ಕ, ಎರಡು ತಿಂಗಳದ್ದು ಬಂದಿಲ್ಲ ನೋಡಿ."

"ಅವರ ಸರ್ವರ್ ನಿಧಾನ ಇರ್ಬೇಕಮ್ಮ, ಬರುತ್ತೆ" ಅಂದೆ.

ಅವಳು "ಸರಿ ಅಕ್ಕ" ಎಂದು ಹೋದಳು. ನನ್ನ ಮಾತನ್ನು ನಂಬಿಯೇ ಹೋದಳು.

ಮೂರನೆಯ ತಿಂಗಳು ಯಜಮಾನರು ಎಲ್ಲೆಲ್ಲೋ ಹೊಂದಿಸಿ ದಂಡ ಬಡ್ಡಿ ಸಮೇತ ಕಟ್ಟಿದರು. ಕಂಪನಿ ಮುಂದೆ ಮುಚ್ಚಿದಾಗಲೂ ಯಾರ ಪಿಎಫ್ಪೂ ಬಾಕಿ ಉಳಿಯಲಿಲ್ಲ. ಯಾರಿಗೂ ನಷ್ಟವಾಗಲಿಲ್ಲ. ಆದರೆ ಆ ಮಧ್ಯಾಹ್ನದ ಮಟ್ಟಿಗೆ ನಾವು ಬಾಗಿಲು ಹಾಕುತ್ತಿದ್ದವರಾಗಿರಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಒಂದು ಅಂಕಿ ಇತ್ತು, ಅವಳ ಕೈಯ ಚೀಟಿಯಲ್ಲಿ ಇನ್ನೊಂದಿತ್ತು. ಎರಡೂ ಗೊತ್ತಿದ್ದವಳು ನಾನು, ಕೇಳಲು ಬಂದವಳಿಗೆ ಸುಳ್ಳು ಹೇಳಿದೆ. ಪೀಣ್ಯದವರ ಅಳತೆಗೋಲು ಸಾಲದು ಎಂದು ನಾನು ಅಂದದ್ದು ಇದಕ್ಕೇ. ನಾನು ಓಡಿಹೋಗಿರಲಿಲ್ಲ, ಎದುರಿಗೇ ಕೂತಿದ್ದೆ, ಅವಳನ್ನು ‘ಅಮ್ಮ’ ಎಂದೇ ಕರೆದೆ. ಟೆಕ್ನಿಷಿಯನ್ ಹೇಳಿದ ಆ ಚುಕ್ಕೆಯನ್ನು ಅವತ್ತು ನಾನೂ ಅಳಿಸಿದ್ದೆ.

‘ಬ್ಯಾಡ್ ಬ್ಲಡ್’ ಓದುವಾಗ ಹೋಮ್ಸ್ ಬಗ್ಗೆ ನನಗೆ ಅಷ್ಟೇನೂ ಕುತೂಹಲ ಹುಟ್ಟಲಿಲ್ಲ. ನನ್ನ ಕಣ್ಣು ನಿಂತದ್ದು ಇಬ್ಬರು ಎಳೆಯರ ಮೇಲೆ. ಎರಿಕಾ ಚಂಗ್, ಟೈಲರ್ ಶುಲ್ಟ್ಸ್. ಇಬ್ಬರೂ ಆಗತಾನೇ ಕಾಲೇಜು ಮುಗಿಸಿ ಆ ಲ್ಯಾಬಿಗೆ ಸೇರಿದವರು. ಟೈಲರನ ಅಜ್ಜ ಅದೇ ಆಡಳಿತ ಮಂಡಳಿಯ ಜಾರ್ಜ್ ಶುಲ್ಟ್ಸ್. ಲ್ಯಾಬಿನಲ್ಲಿ ನಡೆಯುತ್ತಿದ್ದುದನ್ನು ಮೊಮ್ಮಗ ಹೇಳಿದರೂ ಅಜ್ಜ ನಂಬಲಿಲ್ಲ, ಕಂಪನಿಯನ್ನೇ ನಂಬಿದರು. ವಕೀಲರ ಖರ್ಚಿಗೆ ಅವನ ತಂದೆತಾಯಿ 4 ಲಕ್ಷ ಡಾಲರಿಗೂ ಹೆಚ್ಚು ಸುರಿಯಬೇಕಾಯಿತು. ಎರಿಕಾ 2015ರಲ್ಲಿ ಲ್ಯಾಬ್‌ಗಳ ಮೇಲ್ವಿಚಾರಣೆ ಮಾಡುವ ಸರ್ಕಾರಿ ಸಂಸ್ಥೆಗೆ ದೂರು ಬರೆದಳು. ಆಮೇಲೆ ತಪಾಸಣೆಗೆ ಜನ ಬಂದರು. ಅಷ್ಟು ಚಿಕ್ಕ ವಯಸ್ಸಿನವರು ಮಾಡಿದ್ದನ್ನು ನಾನು ನಲವತ್ತಾರನೆಯ ವಯಸ್ಸಿನಲ್ಲಿ, ಬರೀ 1,800 ರೂಪಾಯಿಯ ಒಂದು ಸಾಲಿನ ವಿಷಯಕ್ಕೆ, ಮಾಡಲಿಲ್ಲ.

ಹಾಗಾಗಿ, ಇಂಥ ಪುಸ್ತಕದ ಬಗ್ಗೆ ಯಾರಾದರೂ "ನನಗೆ ಮೊದಲೇ ಗೊತ್ತಿತ್ತು, ಅದು ಮುಳುಗೋ ಕಂಪನೀನೇ" ಅಂದರೆ ನಾನು ಅಲ್ಲಿಗೆ ಆ ಚರ್ಚೆ ಬಿಡುತ್ತೇನೆ. ಯಾವ ಪುಟದಲ್ಲಿ ನಿಮಗೆ ಕಷ್ಟವಾಯಿತು ಎಂದು ಕೇಳುತ್ತೇನೆ. ‘ಪಾಪ ಸೋತಳು’ ಅಂದ ಕಾಲೇಜು ಹುಡುಗಿಗೂ ಅದನ್ನೇ ಕೇಳಿದೆ. ಒಂದು ತಿಂಗಳು ಬಿಟ್ಟು ಬಂದು ಹೇಳಿದಳು: "ಇಯಾನ್ ಗಿಬ್ಬನ್ಸ್ ಪುಟ ಆಂಟಿ." ಥೆರಾನೋಸ್‌ನ ಹಿರಿಯ ಜೀವರಸಾಯನ ವಿಜ್ಞಾನಿ ಅವರು, 2013ರಲ್ಲಿ ಜೀವ ಕಳೆದುಕೊಂಡರು. ಆ ಪುಟ ಆದಮೇಲೆ ಅವಳಿಗೆ ಹೋಮ್ಸ್ ಬಗ್ಗೆ ‘ಪಾಪ’ ಅನ್ನಲು ಬಾಯಿ ಬರಲಿಲ್ಲವಂತೆ. ಟೋಪಿ ಅಂದಿದ್ದ ಹಿರಿಯರು ಮಾತ್ರ ತಮ್ಮ ಅಭಿಪ್ರಾಯ ಬದಲಿಸಿಲ್ಲ. ಅವರ ಜೊತೆ ನನ್ನ ಜಗಳ ಇನ್ನೂ ನಡೆದಿದೆ, ಮುಂದೂ ನಡೆಯುತ್ತದೆ.

ಮಾತು ಮುಗಿಸುವ ಮೊದಲು ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ತಾಯಿಯೊಬ್ಬರು ಕಾಫಿ ಹೊತ್ತಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕು. ಕನ್ನಡದಲ್ಲಿ ಇಂಥ ಪುಸ್ತಕ ಬರೆಯುವವರು ಯಾರು ಅಂದರು. ಇಷ್ಟು ಕಂಪನಿಗಳು ಹುಟ್ಟಿ ಸಾಯುವ ಊರಿನಲ್ಲಿ ಅವುಗಳ ಕತೆಯನ್ನು ಕನ್ನಡದಲ್ಲಿ ಹೇಳುವವರು ಬೇಕೇ ಬೇಕು. ಕಟ್ಟಿದವರು ಬರೆಯಲಿ, ಪತ್ರಕರ್ತರೂ ಬರೆಯಲಿ. ಆದರೆ ನಾನು ಕೇಳಿದ್ದು ಪೀಣ್ಯದವರನ್ನು. ಅವರು ಬರೆಯುವುದು ತಮ್ಮಿಂದಾಗದು ಅಂದರು, ಆದರೆ ಹಳೆಯ ಲೆಡ್ಜರ್ ಎಲ್ಲ ಇಟ್ಟಿದ್ದಾರಂತೆ, ಕಂಪ್ಯೂಟರ್ ಬರುವ ಮುಂಚಿನದೂ ಸೇರಿ, ಕೆಂಪು ಬಟ್ಟೆಯ ರಟ್ಟಿನವು. ಗಿರಾಕಿಗೊಂದು ಪುಟ. ಎಷ್ಟು ಬಾಕ್ಸ್, ಎಷ್ಟು ಪ್ಲೈ, ಯಾವ ತಾರೀಕು ಕೊಟ್ಟಿದ್ದು, ಎಷ್ಟು ಬಂತು, ಎಷ್ಟು ಬರಲಿಲ್ಲ. ಸ್ಕೂಟರಿನಲ್ಲಿ ಬಂದ ಹುಡುಗನ ಪುಟದಲ್ಲಿ ಬೌನ್ಸ್ ಆದ ತಾರೀಕಿನ ಕೆಳಗೆ ಚಿಕ್ಕ ಚಿಕ್ಕ ಜಮಾ ಸಾಲುಗಳಿವೆಯಂತೆ, ಐದು ಸಾವಿರ, ಮೂರು ಸಾವಿರ, ಒಮ್ಮೊಮ್ಮೆ ಎರಡೇ ಸಾವಿರ. ಎರಡು ವರ್ಷ ಅಂದಿದ್ದವನು ನಾಲ್ಕು ವರ್ಷ ತೆಗೆದುಕೊಂಡ.

ಬರುವ ತಿಂಗಳ ಮೊದಲ ಭಾನುವಾರ ಅವರು ಆ ಲೆಡ್ಜರ್ ಹಿಡಿದುಕೊಂಡು ಜಯನಗರಕ್ಕೆ ಬರುತ್ತಾರೆ. ಆ ತಿಂಗಳು ನಾವು ಓದುವುದು ಅದನ್ನೇ.